ಕಟಿಂಗ್ ಮಾಸ್ತರರು ಆದರ್ಶ ರೋಗಿಯಾದದ್ದು

ಆ ದಿನದ ಅನಾಹುತಕ್ಕೆಲ್ಲ ಮೂಲ ಒಂದು ಒಳ್ಳೆಯ ಸುದ್ದಿ. ಕಟಿಂಗ್ ಮಾಸ್ತರರ ಬಿ.ಪಿ. ಇಳಿದಿತ್ತು.

ಇಳಿದದ್ದರಲ್ಲಿ ತಪ್ಪೇನಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಇಳಿದು ಅದು ತನ್ನ ಪಾಡಿಗೆ ತಾನಿದ್ದಿದ್ದರೆ, ಮಾಸ್ತರರೂ ತಮ್ಮ ಪಾಡಿಗೆ ಪ್ಯಾಂಟು ಕತ್ತರಿಸಿಕೊಂಡು ಇರುತ್ತಿದ್ದರು. ಆದರೆ ಅದು ಇಳಿದದ್ದು ಬೀದಿ ತುದಿಯ ಆಸ್ಪತ್ರೆಯಲ್ಲಿ, ಡಾಕ್ಟರ ಕಣ್ಣೆದುರು. ತೋಳಿನ ಪಟ್ಟಿಯ ಗಾಳಿ ಬಿಡುತ್ತ ಡಾಕ್ಟರು ಒಮ್ಮೆ ಯಂತ್ರವನ್ನು ನೋಡಿದರು, ಒಮ್ಮೆ ಮಾಸ್ತರರನ್ನು ನೋಡಿದರು, ಪಟ್ಟಿಯನ್ನು ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದರು. ಕಳೆದ ಸಲವೂ ಹೀಗೇ, ಅದರ ಹಿಂದಿನ ಸಲವೂ ಹೀಗೇ. ಕೊನೆಗೆ, ಕಳೆದುಹೋದ ಹಸು ತಾನಾಗಿ ಕೊಟ್ಟಿಗೆಗೆ ಬಂದು ನಿಂತದ್ದನ್ನು ಕಂಡವರಂತೆ ಹಿಗ್ಗಿ, ಪಕ್ಕದ ಕೋಣೆಯ ಸಲಹೆಗಾರ್ತಿ ಮೇಡಮ್ಮನ್ನು ಕೂಗಿದರು.

ಮೇಡಂ ಮನಃಶಾಸ್ತ್ರ ಓದಿದವರು. ರೋಗಿಗಳಿಗೆ ತಿಳಿವಳಿಕೆ ಹೇಳಲೆಂದೇ ಆಸ್ಪತ್ರೆ ಅವರನ್ನು ನೇಮಿಸಿಕೊಂಡಿತ್ತು. ‘ಅರಿವು’ ಎಂಬ ಮಾತು ಅವರ ಬಾಯಲ್ಲಿ ಉಸಿರಿನಷ್ಟೇ ಸಲೀಸು. ಅರಿವು ಮೂಡಬೇಕು, ಅರಿವು ಹರಡಬೇಕು, ಅರಿವೇ ಅರ್ಧ ಔಷಧ. ಕಾಯುವ ಬೆಂಚಿನವರು ಅವರಿಗೆ ‘ಅರಿವಮ್ಮ’ ಎಂದೇ ನಾಮಕರಣ ಮಾಡಿಬಿಟ್ಟಿದ್ದರು.

“ಮಾಸ್ತ್ರೇ, ಮೊದಲು ನೀವು ಮಾತ್ರೆ ಅಂದ್ರೆ ಮುಖ ತಿರುಗಿಸ್ತಿದ್ರಿ. ಈಗ ನೋಡಿ! ನಿಮ್ಮ ಮನಸ್ಸನ್ನ ಬದಲಾಯಿಸಿದ್ದು ಏನು, ಮನಸ್ಸು ಬಿಚ್ಚಿ ಹೇಳಿ.”

“ಅದೇನಿಲ್ಲ ಮೇಡಂ, ನಮ್ಮಣ್ಣ ಮಾತ್ರೆ ಶುರು ಮಾಡ್ಕೊಂಡು...”

“ಅಣ್ಣನ ವಿಷಯ ಆಮೇಲೆ. ಅರಿವು! ಅರಿವು ಬದಲಾಯಿಸ್ತು ಅಲ್ವಾ?”

ಮಾಸ್ತರರು ಬಾಯಿ ತೆರೆದರು. ತೆರೆದ ಬಾಯಿಯನ್ನೇ ಯಾರೋ ಫೋಟೋ ತೆಗೆದರು. ಮರುವಾರ ಆ ತೆರೆದ ಬಾಯಿ ಆಳೆತ್ತರದ ಪೋಸ್ಟರಾಗಿ ಆಸ್ಪತ್ರೆಯ ಬಾಗಿಲಲ್ಲಿ ನಿಂತಿತು: ‘ನಮ್ಮ ಆದರ್ಶ ರೋಗಿ! ಇವರಂತೆ ನೀವೂ ಮಾತ್ರೆ ತಪ್ಪಿಸಬೇಡಿ.’ ಕೆಳಗೆ, ಸಭೆಯ ದಿನ ಹಾಕಿ, ಅಂದು ಮಧ್ಯಾಹ್ನದ ಮೇಲೆ ಆಸ್ಪತ್ರೆಯ ಸಭಾಂಗಣದಲ್ಲಿ ಅವರ ಅನುಭವದ ಮಾತು.

ಮಾತಾಡುವುದಕ್ಕೆ ಮಾಸ್ತರರಿಗೆ ಭಯವಿರಲಿಲ್ಲ. ತೊಡಕು ಒಂದೇ. ಇಷ್ಟು ದಿನದಲ್ಲಿ ಅವರು ಒಂದೇ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ. ಮಾತು ಕೊಟ್ಟಿದ್ದರು, ಮಾತ್ರೆ ತೆಗೆದುಕೊಂಡಿರಲಿಲ್ಲ.

ಬೆಳಿಗ್ಗೆ ಹೆಂಡತಿಯ ಎದುರಿಗೇ ಮಾತ್ರೆಯನ್ನು ಬಾಯಿಗೆ ಎಸೆದುಕೊಳ್ಳುವರು, ನೀರು ಕುಡಿಯುವರು, ಗಂಟಲಮಣಿಯನ್ನು ಮೇಲೆ ಕೆಳಗೆ ಓಡಿಸುವರು. ಮಾತ್ರೆ ಮಾತ್ರ ಅಂಗೈಯಲ್ಲೇ ಉಳಿಯುವುದು. ಬಟ್ಟೆಯೊಳಗೆ ಬಟ್ಟೆ ಅಡಗಿಸಿ ಹೊಲಿಯುವ ಕೈಗೆ ಅದೆಷ್ಟರ ಕೆಲಸ? ಮನೆಯ ಮುಂಭಾಗವೇ ಅಂಗಡಿ. ಅಲ್ಲಿಗೆ ಬಂದು ಆ ಬಿಳಿ ಮಾತ್ರೆಯನ್ನು ಚಾಕ್‌ಪೀಸಿನ ಡಬ್ಬಿಗೆ ಹಾಕುವರು. ಒಂದು ದಿನ ಚಾಕ್‌ಪೀಸು ಮುಗಿದಾಗ ಕೈಗೆ ಸಿಕ್ಕ ಮಾತ್ರೆಯಿಂದಲೇ ಗೆರೆ ಎಳೆದು ನೋಡಿದರು. ಶಾಲೆಯ ಕಡುನೀಲಿ ಬಟ್ಟೆಯ ಮೇಲೆ ಚೆನ್ನಾಗಿಯೇ ಮೂಡಿತು. ಅಂದಿನಿಂದ ಆ ಬೀದಿಯ ಮಕ್ಕಳ ಪ್ಯಾಂಟುಗಳಿಗೆ ಈ ಜನ್ಮದಲ್ಲಿ ಬಿ.ಪಿ. ಬರುವ ಸಂಭವ ಉಳಿಯಲಿಲ್ಲ. ವಿಚಿತ್ರವೆಂದರೆ, ದಿನವೂ ಹಾಕಿದರೂ ಡಬ್ಬಿ ತುಂಬುತ್ತಿರಲಿಲ್ಲ. ಗೆರೆ ಎಳೆದೆಳೆದೇ ಸವೆಯುತ್ತಿರಬೇಕು ಎಂದು ಮಾಸ್ತರರು ತಮಗೆ ತಾವೇ ಉತ್ತರ ಹೇಳಿಕೊಂಡಿದ್ದರು.

ಮಾತ್ರೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ, ಭಯವಿತ್ತು. ಆ ಭಯ ಅಂಗಡಿಯಲ್ಲೇ, ಕತ್ತರಿ ಮೇಜಿನ ತುದಿಯಲ್ಲಿ, ಸ್ಟೂಲಿನ ಮೇಲೆ ಕೂತಿರುತ್ತಿತ್ತು. ಅವರ ಅಣ್ಣ. ಒಂದು ಕಾಲಕ್ಕೆ ಇದೇ ಮೇಜಿನ ದೊರೆ, ಕತ್ತರಿ ಹಿಡಿದರೆ ಬಟ್ಟೆ ತಾನಾಗಿ ದಾರಿ ಬಿಡುತ್ತಿತ್ತು. ಲಕ್ವ ಹೊಡೆದು ಬಲಗೈ ಬಿದ್ದುಹೋದ ಮೇಲೆ ಈಗ ಎಡಗೈಯಲ್ಲಿ ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದ. ಮಾತೂ ಅರ್ಧಕ್ಕರ್ಧ ಹೋಗಿತ್ತು.

“ಭಾವನಿಗೆ ಹಾಗಾಗಿದ್ದು ಮಾತ್ರೆ ತಗೊಂಡಿದ್ದಕ್ಕಲ್ಲ ರೀ, ಆರಾಮಾಯ್ತು ಅಂತ ಮಧ್ಯದಲ್ಲಿ ಬಿಟ್ಟಿದ್ದಕ್ಕೆ,” ಎಂದು ಹೆಂಡತಿ ನೂರು ಸಲ ಹೇಳಿದ್ದಳು.

“ಅದನ್ನೇ ನಾನೂ ಹೇಳ್ತಿರೋದು! ಶುರು ಮಾಡಿದ್ದಕ್ಕೆ ತಾನೇ ಬಿಡೋ ಪ್ರಸಂಗ ಬಂದಿದ್ದು? ಶುರುವೇ ಮಾಡದಿದ್ರೆ ಬಿಡೋದೆಲ್ಲಿಂದ ಬಂತು? ಒಂದ್ಸಲ ಶುರು ಮಾಡಿದ್ರೆ ಸಾಯೋ ತನಕ ಅದರ ಜೀತ. ಒಂದಿನ ಮರೆತ್ರೆ ನನ್ನ ಕೈ ಹೋಯ್ತು. ಕೈ ಹೋದ್ರೆ ಕತ್ತರಿ ಹೋಯ್ತು, ಕತ್ತರಿ ಹೋದ್ರೆ ಈ ಮನೆ ಹೋಯ್ತು.”

ಈ ತರ್ಕದ ಮುಂದೆ ವಕೀಲರೂ ನಿಲ್ಲುತ್ತಿರಲಿಲ್ಲ. ಹೆಂಡತಿಯೂ ಇತ್ತೀಚೆಗೆ ನಿಲ್ಲುವುದನ್ನು ಬಿಟ್ಟಿದ್ದಳು. ಮಾತ್ರೆ ನುಂಗುವಾಗ ಮೊದಲಿನಂತೆ ಕಾವಲು ಕಾಯುತ್ತಲೂ ಇರಲಿಲ್ಲ. ಕೊನೆಗೂ ನಂಬಿದಳು ಎಂದು ಮಾಸ್ತರರು ಒಳಗೊಳಗೇ ನಕ್ಕಿದ್ದರು. ಮಾತ್ರೆ ಇಲ್ಲದೆಯೂ ಬಿ.ಪಿ. ಇಳಿದದ್ದೇಕೆ ಎಂಬುದಕ್ಕೂ ಅವರಲ್ಲಿ ಉತ್ತರವಿತ್ತು. “ರಕ್ತ ಒಳ್ಳೇದು,” ಅಷ್ಟೇ.

ಸಭೆಯ ದಿನ ಬೆಳಿಗ್ಗೆ ಟೀ ಕುಡಿಯುವಾಗ ಪಕ್ಕದ ಮನೆಯ ಕಂಡಕ್ಟರು ಬಾಗಿಲು ತಟ್ಟದೆ ಒಳಗೆ ಬಂದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ಅವರಿಗೆ ಊರೆಲ್ಲ ಬಸ್ಸಾಗಿಯೇ ಕಾಣುತ್ತಿತ್ತು. ಯಾರನ್ನಾದರೂ ಹತ್ತಿಸುವುದು, ಇಳಿಸುವುದು, ಮುಂದಕ್ಕೆ ತಳ್ಳುವುದು. ಅವರೂ ಅದೇ ಆಸ್ಪತ್ರೆಯ ಬಿ.ಪಿ. ಗಿರಾಕಿ. ಆದರೆ ಮಾತ್ರೆಯ ವಿಷಯದಲ್ಲಿ ಗಡಿಯಾರ.

“ರೈಟ್, ರೈಟ್! ಏನ್ರೀ ಆದರ್ಶ ರೋಗಿಗಳೇ, ಭಾಷಣ ತಯಾರಾ?”

“ಟೀ ಕಹಿ ಅಂತಿದ್ದೆ,” ಎಂದರು ಮಾಸ್ತರರು ಮುಖ ಹಿಂಡಿ. “ಏನೇ, ಈ ಟೀಪುಡಿ ಯಾವತ್ತು ಮುಗಿಯತ್ತೆ? ಬೇವಿನ ಎಲೆ ಕುದಿಸಿದ ಹಾಗಿರತ್ತೆ.”

“ಗಟ್ಟಿಪುಡಿ ರೀ, ಹಾಗೇ ಇರತ್ತೆ. ಇನ್ನೊಂಚೂರು ಸಕ್ಕರೆ ಹಾಕ್ಲಾ?” ಎಂದಳು ಹೆಂಡತಿ.

“ಕಹಿನಾ? ಎಲ್ಲಿ ನೋಡೋಣ,” ಎಂದು ಕಂಡಕ್ಟರು ಮಾಸ್ತರರ ಲೋಟಕ್ಕೆ ಕೈ ಹಾಕಿದರು. ಹೆಂಡತಿ ಹದ್ದಿನಂತೆ ಎರಗಿ ಲೋಟವನ್ನು ಕಿತ್ತುಕೊಂಡಳು.

“ಅದು ಅವ್ರ ಲೋಟ!”

“ಅಯ್ಯೋ ತಂಗ್ಯಮ್ಮ, ನಾನೇನು ಲೋಟ ನುಂಗ್ತೀನಾ?”

“ನಿಮಗೆ ಬೇರೆ ಮಾಡ್ಕೊಡ್ತೀನಿ ಕೂತ್ಕೊಳ್ಳಿ. ರೀ, ನೀವು ಪೂರ್ತಿ ಕುಡೀರಿ. ತಳದಲ್ಲಿ ಬಿಡಬೇಡಿ.”

ಕಂಡಕ್ಟರು ಕುರ್ಚಿ ಎಳೆದುಕೊಂಡು ಕೂತು, ಕುತ್ತಿಗೆ ಓರೆ ಮಾಡಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಥೇಟ್ ಅರಿವಮ್ಮನ ಸಣ್ಣ ದನಿಯಲ್ಲಿ ಶುರು ಮಾಡಿದರು: “ಹೇಳಿ ಮಾಸ್ತ್ರೇ, ಮಾತ್ರೆ ನುಂಗುವಾಗ ನಿಮ್ಮೊಳಗೆ ಯಾವ ಭಾವನೆ ಉಕ್ಕತ್ತೆ?”

“ಭಾವನೆ ಉಕ್ಕಲ್ಲ. ನೀರು ಕುಡೀತೀನಿ.”

“ತಲೆ ಸುತ್ತಿದ್ಯಾ? ಕಾಲು ಊದಿದ್ಯಾ? ನನಗೆ ಮೊದಮೊದಲು ಎರಡೂ ಆಗಿತ್ತು. ಸಭೆಯಲ್ಲಿ ನಾನೇ ಎದ್ದು ಕೇಳ್ತೀನಿ, ನೀವು ಅನುಭವದ ಮಾತು ಹೇಳಿಬಿಡಿ. ನಿಮ್ಮನ್ನ ನೋಡಿ ನಾಲ್ಕು ಜನ ತಿದ್ಕೊಳ್ಳಲಿ. ಆ ಎದುರು ಮನೆ ಅಜ್ಜಿ ಮಾತ್ರೆನ ಗಿಡದ ಬುಡಕ್ಕೆ ಹಾಕ್ತಾಳಂತೆ. ಥೂ! ಎಂಥ ಜನ ರೀ!”

ಮಾಸ್ತರರ ಕಿವಿ ಬಿಸಿಯಾಯಿತು. ತಿಂಡಿ ಬೇಡವೆಂದು ಎದ್ದು ಅಂಗಡಿಗೆ ನಡೆದರು.

ಅಲ್ಲಿ ಭಾಷಣದ ತಾಲೀಮು. ಕತ್ತರಿಯನ್ನು ಮೈಕಿನಂತೆ ಹಿಡಿದು, “ಬಂಧುಗಳೇ, ನಾನು ದಿನಾ ತಪ್ಪದೆ ಮಾತ್ರೆ...” ಎಂದು ತಲೆ ಎತ್ತಿದರೆ, ಎದುರಿಗೆ ಅಣ್ಣ. ಗುಂಡಿ ಆರಿಸುವುದನ್ನು ನಿಲ್ಲಿಸಿ ಅವರನ್ನೇ ನೋಡುತ್ತಿದ್ದ.

“ಸು...ಳ್ಳ,” ಎಂದ ಅಣ್ಣ. ಆ ಒಂದು ಮಾತು ಬರಲು ಅವನಿಗೆ ಸಾಕಷ್ಟು ಹೊತ್ತು ಹಿಡಿಯಿತು. ಅದಕ್ಕೇ ಏನೋ ಚುಚ್ಚಿದ್ದೂ ಆಳಕ್ಕೆ.

ಮಾಸ್ತರರು ಕತ್ತರಿ ಕೆಳಗಿಟ್ಟರು. ಹುಟ್ಟಿದಾಗಿನಿಂದ ಅವರು ಹೆಂಡತಿಗೆ, ಗಿರಾಕಿಗಳಿಗೆ, ‘ನಾಳೆ ಬನ್ನಿ, ಬಟ್ಟೆ ರೆಡಿ’ ಎನ್ನುವ ಮಟ್ಟದ ಚಿಲ್ಲರೆ ಸುಳ್ಳುಗಳನ್ನು ಹೇಳಿದ್ದರೇ ಹೊರತು ಮೈಕಿನಲ್ಲಿ ಸಗಟು ಸುಳ್ಳು ಹೇಳಿದವರಲ್ಲ. ಬಹಳ ಹೊತ್ತು ಯೋಚಿಸಿದರು. ಕೊನೆಗೆ ಉಪಾಯ ಹೊಳೆಯಿತು. ಇವತ್ತೊಂದು ದಿನ ನುಂಗಿಬಿಟ್ಟರೆ? ಆಗ ‘ಮಾತ್ರೆ ತಗೊಂಡಿದೀನಿ’ ಎಂಬುದು ಸತ್ಯವಾಗುತ್ತದೆ. ಒಂದೇ ಒಂದು ಸಲ ತೆಗೆದುಕೊಂಡರೆ ಶುರು ಮಾಡಿದ ಹಾಗಲ್ಲ. ಬಸ್ಸಿನ ಮೆಟ್ಟಿಲು ಹತ್ತಿ ಇಳಿದವನಿಗೆ ಟಿಕೆಟ್ ಉಂಟೇ?

ಡಬ್ಬಿ ತೆರೆದರು. ಒಳಗೆ ಸವೆದ ಚಾಕ್‌ಪೀಸಿನ ಬಿಲ್ಲೆಗಳೂ ಸವೆದ ಮಾತ್ರೆಗಳೂ ಅಣ್ಣತಮ್ಮಂದಿರಂತೆ ಒಂದೇ ಮುಖ ಹೊತ್ತು ಬಿದ್ದಿದ್ದವು. ಕಣ್ಣು ಮುಚ್ಚಿ ಒಂದನ್ನು ನುಂಗಿದರು. ಅದು ಗಂಟಲಿನಲ್ಲಿ ಹಿಟ್ಟಾಗಿ ಹರಡಿ ಕೆಮ್ಮು ಬಂತು, ಬಾಯಿಂದ ಬಿಳಿ ಹೊಗೆ ಹಾರಿತು. ಚಾಕ್‌ಪೀಸು! ಇನ್ನೊಂದನ್ನು ಆರಿಸಿ ನುಂಗಿದರು. ಇದು ಸಲೀಸಾಗಿ ಇಳಿಯಿತು. ಆದರೆ ಇಳಿದದ್ದು ಮಾತ್ರೆಯೋ ಬಿಲ್ಲೆಯೋ ಎಂಬ ಅನುಮಾನ ಉಳಿಯಿತು. ಸತ್ಯಕ್ಕೆ ಕುಂದು ಬರಬಾರದೆಂದು, ಮಾತ್ರೆಯ ನಡುವಿನ ಗೀರು ಇನ್ನೂ ಕಾಣುತ್ತಿದ್ದ ಮತ್ತೊಂದನ್ನು ಹುಡುಕಿ ನುಂಗಿದರು. ಮಧ್ಯಾಹ್ನದ ಊಟ ಅಂಜಿಕೆಯಲ್ಲಿ ಸೇರಲಿಲ್ಲ. ಬರಿ ಹೊಟ್ಟೆ, ತುಂಬಿದ ಆತ್ಮಸಾಕ್ಷಿ. ಹೀಗೆ ಹೊರಟರು.

ಸಭಾಂಗಣ ತುಂಬಿತ್ತು. ಸೆಖೆಗೆ ಫ್ಯಾನುಗಳು ಸೋತು ಸುಮ್ಮನೆ ತಲೆ ಅಲ್ಲಾಡಿಸುತ್ತಿದ್ದವು. ವೇದಿಕೆಯ ಮೇಲೆ ಎರಡೇ ಕುರ್ಚಿ, ಡಾಕ್ಟರಿಗೊಂದು, ಮೇಡಮ್ಮಿಗೊಂದು. ಆದರ್ಶ ರೋಗಿಯನ್ನು ಎಲ್ಲರಿಗೂ ಕಾಣುವಂತೆ ಒಳಗೆ ತಂದಿಟ್ಟ ಪೋಸ್ಟರಿನ ಪಕ್ಕ, ದೊಡ್ಡ ದೀಪದ ಕೆಳಗೆ ನಿಲ್ಲಿಸಿದರು. ಹೆಂಡತಿ ಎದುರು ಸಾಲಿನಲ್ಲಿ ಸೆರಗಿನ ತುದಿ ಹಿಡಿದು ಕೂತಿದ್ದಳು. ಕಂಡಕ್ಟರು ಬಾಗಿಲ ಬಳಿ. ಅಭ್ಯಾಸಬಲ.

ಮೇಡಂ ಮಾತಾಡಿದರು. ಮಿದುಳಿನ ಚಿತ್ರ ತೋರಿಸಿ, ಭಯ ಇಲ್ಲಿರತ್ತೆ, ಅರಿವು ಇಲ್ಲಿರತ್ತೆ ಎಂದು ಕೋಲಿನಿಂದ ಕುಟ್ಟಿದರು. “ರೋಗಿಯನ್ನ ಹೆದರಿಸಬಾರ್ದು. ಮೋಸ ಮಾಡಿ ಔಷಧಿ ಕೊಡಬಾರ್ದು. ಅವನ ಮಾತು ಕೇಳಿಸ್ಕೋಬೇಕು. ನಾನು ಈ ಮಾಸ್ತರರ ಮಾತು ಗಂಟೆಗಟ್ಟಲೆ ಕೇಳಿದ್ದೀನಿ!” ಎಂದು, ಮಾಸ್ತರರಿಗೆ ಬಾಯಿ ಬಿಡಲು ಎಡೆಯಿಲ್ಲದಂತೆ ಮುಂದುವರಿದರು. ಮಾಸ್ತರರ ಬಗ್ಗೆ ತಾವು ಬರೆದ ಪ್ರಬಂಧವನ್ನು ದೊಡ್ಡ ಸಮ್ಮೇಳನದಲ್ಲಿ ಓದಲಿರುವುದನ್ನೂ ತಿಳಿಸಿದರು. ಆಮೇಲೆ ಡಾಕ್ಟರು. ಅವರು ಹೃದಯದಿಂದ ಶುರು ಮಾಡಿ ಮೂತ್ರಪಿಂಡಕ್ಕೆ ಬರುವಷ್ಟರಲ್ಲಿ ಮಾಸ್ತರರು ಪೋಸ್ಟರಿನ ಅಂಚು ಹಿಡಿದುಕೊಂಡಿದ್ದರು. ಎದುರಿನ ತಲೆಗಳು ಗುಂಡಿಗಳಾಗಿ, ಕಪ್ಪು ಬಿಳಿ ಬೆರೆತು, ಯಾರೋ ಬೇರೆ ಮಾಡದೆ ಬಿಟ್ಟ ರಾಶಿಯಂತೆ ಕಂಡವು.

“ಈಗ ಆದರ್ಶ ರೋಗಿಗಳ ಮಾತು!”

ಚಪ್ಪಾಳೆ. ಮಾಸ್ತರರು ಮೈಕನ್ನು ಹಿಡಿದರು, ಮಾತಿಗಾಗಿ ಅಲ್ಲ, ಆಸರೆಗಾಗಿ.

ಕಂಡಕ್ಟರು ಒಪ್ಪಂದದಂತೆ ಎದ್ದರು. “ಮಾಸ್ತ್ರೇ, ಒಂದು ಪ್ರಶ್ನೆ! ಈವತ್ತೂ ಮಾತ್ರೆ ತಗೊಂಡಿದೀರಾ?”

ಜನ್ಮದಲ್ಲಿ ಮೊದಲ ಬಾರಿಗೆ ಈ ಪ್ರಶ್ನೆಗೆ ಮಾಸ್ತರರ ಬಳಿ ನಿಜವಾದ ಉತ್ತರವಿತ್ತು. ಎದೆಯುಬ್ಬಿಸಿ, ದೇವರಾಣೆ ಹಾಕುವವರಂತೆ ಬಲಗೈ ಎತ್ತಿ, “ತಗೊಂಡಿದೀನಿ!” ಎಂದರು.

ಎಂದವರು ಹಾಗೆಯೇ, ಹ್ಯಾಂಗರಿನಿಂದ ಜಾರಿದ ಕೋಟಿನಂತೆ, ಮಡಿಸಿಕೊಂಡು ಕೆಳಗೆ ಬಿದ್ದರು. ಜೊತೆಗೆ ಪೋಸ್ಟರೂ ಬಿತ್ತು. ನೆಲದ ಮೇಲೆ ಎರಡು ತೆರೆದ ಬಾಯಿ.

ಸಭೆ ಎದ್ದು ನಿಂತಿತು. ಆಮೇಲೆ ಎದುರು ಮನೆ ಅಜ್ಜಿಯ ದನಿ, ಮೈಕಿಲ್ಲದೆಯೂ ಎಲ್ಲರಿಗೂ ಕೇಳುವಂತೆ: “ಕೇಳಿದ್ರಾ? ‘ತಗೊಂಡಿದೀನಿ’ ಅಂದ, ಬಿದ್ದ. ನಾನು ಗಿಡದ ಬುಡಕ್ಕೆ ಹಾಕ್ತೀನಿ, ನಾನು ನಿಂತಿದೀನಿ.”

ಅರಿವಮ್ಮನವರು ಇಷ್ಟು ಕಾಲ ಹೇಳಿದ್ದೆಲ್ಲ ಆ ಒಂದು ಮಾತಿನಲ್ಲಿ ಕೊಚ್ಚಿಹೋಯಿತು. ಕುರ್ಚಿಗಳು ಉರುಳಿದವು. “ದಯವಿಟ್ಟು ಕೂತ್ಕೊಳ್ಳಿ! ಭಯಕ್ಕೆ ಅವಕಾಶ ಕೊಡಬೇಡಿ!” ಎಂದು ಮೇಡಂ ಭಯದಿಂದ ಕಿರುಚಿದರು. ಬಾಗಿಲಲ್ಲಿದ್ದ ಕಂಡಕ್ಟರ ಮುಖ ಬಿಳಿಚಿಕೊಂಡಿತ್ತು. ಆದರೂ ಕೈ ತಾನಾಗಿ ಬಾಗಿಲನ್ನು ಬಡಿಯಿತು. “ಹೋಲ್ಡಾನ್! ಇಳೀರಿ, ಇಳೀರಿ, ಒಬ್ಬೊಬ್ಬರೇ ಇಳೀರಿ!” ಎಲ್ಲರನ್ನೂ ಇಳಿಸಿದ ಮೇಲೆ, ಒಂದು ದಿನವೂ ಮಾತ್ರೆ ತಪ್ಪಿಸದ ಆ ಮನುಷ್ಯ, ಜೇಬಿನಿಂದ ತಮ್ಮ ಮಾತ್ರೆಯ ಹಾಳೆಯನ್ನು ತೆಗೆದು ನೋಡಿ, ಕಸದ ಬುಟ್ಟಿಗೆ ಹಾಕಿ ತಾವೂ ಇಳಿದುಹೋದರು.

ಒಳಗಿನ ಕೋಣೆಯಲ್ಲಿ ಮಾಸ್ತರರಿಗೆ ಎಚ್ಚರವಾದಾಗ ಕಾಲುಗಳು ದಿಂಬಿನ ಮೇಲಿದ್ದವು, ತಲೆ ಕೆಳಗಿತ್ತು. ಒಟ್ಟಿನಲ್ಲಿ ಲೋಕ ಸರಿಯಾಗಿಯೇ ಕಾಣುತ್ತಿತ್ತು.

“ಬಿ.ಪಿ. ತೀರಾ ಇಳಿದುಹೋಗಿದೆ,” ಎಂದರು ಡಾಕ್ಟರು. “ಎಷ್ಟು ಮಾತ್ರೆ ತಗೊಂಡ್ರಿ?”

“ಎರಡು... ಜೊತೆಗೊಂದು ಚಾಕ್‌ಪೀಸು.”

“ಅಯ್ಯಯ್ಯೋ! ಎರಡಾ?” ಹೆಂಡತಿ ಎದೆ ಹಿಡಿದುಕೊಂಡಳು. “ಬೆಳಿಗ್ಗೆ ಒಂದು ನಾನು ಆಗಲೇ ಕೊಟ್ಟಿದ್ನಲ್ಲಾ!”

“ನೀನು ಕೊಟ್ಟಿದ್ದು ಕೈಯಲ್ಲೇ ಇತ್ತು ಕಣೇ,” ಎಂದು ಮಾಸ್ತರರು ಕೊನೆಗೂ ಒಪ್ಪಿಕೊಂಡರು.

“ಕೈಗೆ ಕೊಟ್ಟಿದ್ದಲ್ಲ ರೀ. ಟೀಗೆ ಹಾಕಿದ್ದು.”

ಹೆಂಡತಿ ಅಳುತ್ತಲೇ ಹೇಳಿದಳು. ಗುಂಡಿಗೆ ಕಾಜಾ ಹೊಲಿಯುವವಳು ಅವಳು. ಒಂದು ದಿನ ಪ್ಯಾಂಟಿನ ಪಟ್ಟಿಯಲ್ಲಿ ಚಾಕ್‌ಪೀಸಿನ ಬದಲು ಮಾತ್ರೆಯ ತುಂಡೇ ಸಿಕ್ಕಿತ್ತು. ಬೈದರೆ ಇನ್ನೆಲ್ಲೋ ಬಚ್ಚಿಡುತ್ತಾರೆಂದು ಸುಮ್ಮನಾದಳು. ಅಂದಿನಿಂದ ದಿನವೂ ಡಬ್ಬಿಯಿಂದ ಒಂದನ್ನು ತೆಗೆದು, ಕುಟ್ಟಿ, ಮರುದಿನದ ಟೀಗೆ.

“ಅಂದ್ರೆ ಬಿ.ಪಿ. ಇಳಿದದ್ದು...” ಎಂದರು ಡಾಕ್ಟರು.

“ಅಂದ್ರೆ ನನ್ನ ಪ್ರಬಂಧ...” ಎಂದರು ಮೇಡಂ. ಕುರ್ಚಿ ಹುಡುಕಿ ಕೂತರು. ಕೂಡಲೇ ಎದ್ದು ಬಾಗಿಲು ಹಾಕಿದರು. “ಈ ವಿಷಯ ಹೊರಗೆ ಹೋಗ್ಬಾರ್ದು.”

“ಹೊರಗೆ ಏನಂತ ಹೇಳೋದ್ರೀ ಮತ್ತೆ?” ಎಂದು ಡಾಕ್ಟರು ಸಿಡುಕಿದರು. “ಮಾತ್ರೆಯಿಂದಲೇ ಬಿದ್ದ ಅಂತ ಬಿಟ್ರೆ ಜನ ಮಾತ್ರೆ ಎಸೀತಾರೆ. ಮಾತ್ರೆಯನ್ನೇ ಮುಟ್ಟಿರಲಿಲ್ಲ ಅಂದ್ರೆ ಪೋಸ್ಟರ್ ಹಾಕಿದ ನಮ್ಮನ್ನ ಎಸೀತಾರೆ.” ಆಮೇಲೆ ಮಾಸ್ತರರ ಕಡೆ ತಿರುಗಿ ದನಿ ಮೆತ್ತಗೆ ಮಾಡಿದರು. “ನೋಡಿ ಮಾಸ್ತ್ರೇ, ಒಂದು ರೀತೀಲಿ ಒಳ್ಳೇದೇ ಆಯ್ತು. ನಿಮ್ಮ ಕೈ ಇನ್ನೂ ಕತ್ತರಿ ಹಿಡೀತಿದೆ ಅಂದ್ರೆ ಈ ತಾಯಿಯ ಪುಣ್ಯ. ನಾಳೆಯಿಂದ ನಿಮಗೆ ಗೊತ್ತಿದ್ದೇ ದಿನಕ್ಕೊಂದೇ ತಗೊಳ್ಳಿ. ಆಗ್ಬೋದಾ?”

ಮಾಸ್ತರರು ಚಾವಣಿಯನ್ನೇ ನೋಡುತ್ತಿದ್ದರು.

“ಹಾಗಾದ್ರೆ... ಶುರುವಾಗೋಯ್ತಾ?”

“ಏನು ಶುರುವಾಗೋಯ್ತಾ?”

“ನಮ್ಮಣ್ಣ ಹೀಗೇ ಶುರು ಮಾಡ್ಕೊಂಡು ಡಾಕ್ಟ್ರೇ...”

“ಅಣ್ಣನ ವಿಷಯ ಆಮೇಲೆ, ಆಮೇಲೆ,” ಎಂದರು ಮೇಡಂ, ಬಾಗಿಲ ಸಂದಿಯಿಂದ ಹೊರಗೆ ಇಣುಕುತ್ತ.

ಸಂಜೆ ಗಂಡ ಹೆಂಡತಿ ಮನೆಗೆ ಬಂದಾಗ ಅಣ್ಣ ಇನ್ನೂ ಮೇಜಿನ ತುದಿಯಲ್ಲೇ ಇದ್ದ. ಮಾಸ್ತರರು ನೇರವಾಗಿ ಅಡುಗೆಮನೆಗೆ ನುಗ್ಗಿ ಟೀ ಪಾತ್ರೆಯನ್ನು ಕೈಗೆತ್ತಿಕೊಂಡರು.

“ಇನ್ಮೇಲೆ ನನ್ನ ಟೀ ನಾನೇ ಮಾಡ್ಕೋತೀನಿ.”

“ರೀ, ಇನ್ಮೇಲೆ ನಿಮಗೆ ತಿಳೀದಂಗೆ ಹಾಕಲ್ಲ. ಭಾವನ ಮುಂದೆ ಆಣೆ ಮಾಡ್ತೀನಿ. ಆದ್ರೆ ಬಿಡಬೇಡಿ ರೀ. ನೀವೇ ಹೇಳ್ತಿದ್ರಲ್ಲ, ಶುರು ಮಾಡಿ ಬಿಟ್ರೇ ಕೈ ಹೋಗೋದು ಅಂತ.”

ಮಾಸ್ತರರ ಕೈ ಒಂದು ಕ್ಷಣ ನಿಂತಿತು. ಅವರದೇ ತರ್ಕ ಅವರ ಕಾಲರನ್ನು ಹಿಡಿದಿತ್ತು. ಆದರೆ ಎಷ್ಟೋ ಜನರ ಅಳತೆ ತಪ್ಪಿದ ಬಟ್ಟೆಯನ್ನು ಬಿಚ್ಚಿ ಹೊಲಿದು ಸರಿಮಾಡಿದವರು ಅವರು. ತರ್ಕವನ್ನೂ ಹಾಗೆಯೇ ಬಿಚ್ಚಿ, ಒಂದು ಹೊಲಿಗೆ ಆಚೀಚೆ ಮಾಡಿದರು.

“ಶುರು ಮಾಡಿದ್ದು ಯಾರು? ನೀನು. ನಾನು ಶುರು ಮಾಡೇ ಇಲ್ಲ. ಅಂದಮೇಲೆ ನಾನು ಬಿಟ್ಟ ಹಾಗೆ ಹೇಗಾಗತ್ತೆ?”

ಅವಳು ಸೆರಗು ಬಾಯಿಗೆ ಹಿಡಿದು ಗೋಡೆಗೆ ಒರಗಿದಳು.

ಮಾಸ್ತರರು ಟೀ ಸೋಸಿಕೊಂಡು ಅಂಗಡಿಗೆ ಬಂದರು. ಚಾಕ್‌ಪೀಸಿನ ಡಬ್ಬಿಯಲ್ಲಿದ್ದ ಮಾತ್ರೆಗಳನ್ನೆಲ್ಲ ಆರಿಸಿ ಚರಂಡಿಗೆ ಎಸೆದರು. ಕೂತು ಒಂದು ಗುಟುಕು ಕುಡಿದರು. ಕಹಿಯಿಲ್ಲ. ಎಷ್ಟು ಕಾಲವಾಗಿತ್ತು ಇಂಥ ಟೀ ಕುಡಿದು! ಮುಖ ಅರಳಿತು.

ಅಣ್ಣ ಎಲ್ಲವನ್ನೂ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ, ಮಾತು ಬರಲಿಲ್ಲ. ಆಗ ಎಡಗೈಯಿಂದ ತನ್ನ ಬಲಗೈಯನ್ನು ಮಡಿಲಿನಿಂದ ಎತ್ತಿ, ಯಾರೋ ಮರೆತುಹೋದ ಸಾಮಾನಿನಂತೆ, ತಮ್ಮನ ಕಣ್ಣೆದುರು ಮೇಜಿನ ಮೇಲೆ ಇಟ್ಟ. ಕತ್ತರಿಯ ಪಕ್ಕದಲ್ಲಿ.

ಮಾಸ್ತರರು ಆ ಕೈಯನ್ನು ನೋಡಿದರು. ಅಣ್ಣನ ಮುಖ ನೋಡಿದರು. ಅರ್ಥವಾಯಿತು ಎನ್ನುವಂತೆ ತಲೆಯಾಡಿಸಿದರು.

“ನಿನಗೂ ಬೇಕೇನೋ ಅಣ್ಣ? ಕೇಳಬಾರ್ದಾ?” ಎನ್ನುತ್ತ ಇನ್ನೊಂದು ಲೋಟ ತಂದು, ತಮ್ಮ ಬಲಗೈಯನ್ನು ಮೇಲಕ್ಕೆತ್ತಿ, ಒಂದು ಹನಿಯೂ ಚೆಲ್ಲದ ಹಾಗೆ, ಟೀ ಬಗ್ಗಿಸಿದರು.